ಮುಕ್ಕಾಲು ಮೀಟರಿನ ಟ್ರೈಲರ್
ಕಿತ್ತೂರಿನ ಬಳಿ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯ 18 ಮೀಟರ್ ಉದ್ದದ ಟ್ರೈಲರ್ ಲಾರಿ 1:24ರ ಅಳತೆಗೆ ಇಳಿದರೆ 75 ಸೆಂಟಿಮೀಟರ್. ಮೇಜಿನ ಮೇಲೆ ಕೂರುತ್ತದೆ. ಇಂಥ ಪ್ಲಾಸ್ಟಿಕ್ ಮಾದರಿಗಳ ಬಿಡಿತುಂಡು ಮಾರುವ ಇಟಲಿಯ ಇಟಾಲೆರಿ, ಜರ್ಮನಿಯ ರೆವೆಲ್ ಕಂಪನಿಗಳ ಡಬ್ಬಿಗಳಲ್ಲಿ ಬರುವುದು ಹೆಚ್ಚಾಗಿ ಯುರೋಪು, ಅಮೆರಿಕದ ಗಾಡಿಗಳು. ತುಂಡು ಅಂಟಿಸಿದರೆ ಅದು ನಮ್ಮ ಲಾರಿ ಆಗಿಬಿಡುವುದಿಲ್ಲ. ಮುಂಗಾಜಿನ ಮೇಲೆ ಮನೆದೇವರ ಹೆಸರು ಬರಬೇಕು, ಗಾಲಿಯ ಸಂದಿಗೆ ಕೆಮ್ಮಣ್ಣು ಕೂರಬೇಕು (ಬಣ್ಣದ ಸೀಮೆಸುಣ್ಣ ಅರೆದು ಕುಂಚದಿಂದ ಉದುರಿಸಿದರೆ ಸಾಕು), ಬಂಪರಿಗೆ ನಿಂಬೆ–ಮೆಣಸಿನಕಾಯಿ ತೂಗಬೇಕು. ಆ ಮೆಣಸಿನಕಾಯಿ ಮೂರೇ ಮಿಲಿಮೀಟರ್! ಹುಚ್ಚು ಅನ್ನುವವರು ಕಿತ್ತೂರಿನಿಂದ ದೇಗಾಂವಕ್ಕೆ ಹೋಗಿ, 12ನೆಯ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಕೆತ್ತನೆ ನೋಡಲಿ. ಅಲ್ಲಿ ಉಳಿ ಜಾರಿದರೆ ಕಲ್ಲು ಕೆಟ್ಟಂತೆಯೇ. ಇಲ್ಲಿ ಥಿನ್ನರ್ ಹಚ್ಚಿ ಒರೆಸಿ ಮತ್ತೆ ಬಳಿಯಬಹುದು.