ನೆಲ ಮುಟ್ಟದ ಜಿಗಿತ

ಮಳೆಹನಿ, ಗುಬ್ಬಿ, ಅಕ್ಕನ ಮಗಳ ನಾಮಕರಣ... ನನ್ನ ಕ್ಯಾಮೆರಾ ಇಷ್ಟು ದಿನ ನೋಡಿದ್ದು ಇಷ್ಟೇ. ಹೋದ ಭಾನುವಾರ ಗೆಳೆಯನೊಬ್ಬ ಬೆಂಗಳೂರಿನ ಒಂದು ಸ್ಕೇಟ್‌ಪಾರ್ಕಿಗೆ ಎಳೆದುಕೊಂಡು ಹೋದ. ಅಲ್ಲಿ ಹುಡುಗರೇ ಸೇರಿ ಇಟ್ಟುಕೊಂಡಿದ್ದ ಸಣ್ಣದೊಂದು ಸ್ಕೇಟ್‌ಬೋರ್ಡಿಂಗ್ ಸ್ಪರ್ಧೆ. "ಸುಮ್ನೆ ಬಂದು ಫೋಟೋ ತೆಗಿ ಮಾರಾಯ" ಅಂದಿದ್ದ. ತೆಗೆದೆ, ಆರುನೂರ ಚಿಲ್ಲರೆ!

ಮೊದಲ ನೂರು ಪೂರ್ತಿ ವೇಸ್ಟು. ಶಟರ್ ವೇಗ 1/200ರಲ್ಲೇ ಇತ್ತು, ಎಲ್ಲರ ಕಾಲೂ ಮಸುಕು ಮಸುಕು. 1/1000ಕ್ಕೆ ಏರಿಸಿದ ಮೇಲೆ ಬೋರ್ಡುಗಳು ಗಾಳಿಯಲ್ಲಿ ನಿಂತವು. ನಿಂತುಕೊಂಡು ತೆಗೆದರೆ ಎಂಥ ಜಿಗಿತವೂ ಮೆಟ್ಟಿಲು ಇಳಿದ ಹಾಗೆ ಕಾಣುತ್ತೆ. ಕಾಂಕ್ರೀಟಿನ ಮೇಲೆ ಮಂಡಿಯೂರಿ ಕೂತರೆ ಅದೇ ಜಿಗಿತದ ಹಿಂದೆ ಬರೀ ಆಕಾಶ. (ಸೋಮವಾರ ಆಫೀಸಿನಲ್ಲಿ ಕುಂಟುತ್ತಿದ್ದದ್ದು ಅದಕ್ಕೇ :-))

ಹದಿನೈದು-ಹದಿನಾರರ ಹುಡುಗನೊಬ್ಬ ನಾಲ್ಕು ಮೆಟ್ಟಿಲ ಮೇಲಿಂದ ಕಿಕ್‌ಫ್ಲಿಪ್ ಹೊಡೆಯಲು ಹೊರಟಿದ್ದ. ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿದು ಹಾರಬೇಕು, ಮುಂದಿನ ಪಾದದಿಂದ ಅದರ ಅಂಚನ್ನು ಒದೆಯಬೇಕು. ಬೋರ್ಡು ಗಾಳಿಯಲ್ಲಿ ಒಂದು ಸುತ್ತು ಹೊರಳಿದ ಮೇಲೆ ಅದರ ಮೇಲೇ ಇಳಿದು ಮುಂದಕ್ಕೆ ಉರುಳಿಕೊಂಡು ಹೋಗಬೇಕು. ಏಳು ಸಲ ಬಿದ್ದ. ಅಷ್ಟರಲ್ಲಿ ಅವನ ಸಮಯ ಮುಗಿಯಿತು.

ಆದರೆ ನನ್ನ ಆರುನೂರರಲ್ಲಿ ಅತ್ಯುತ್ತಮ ಫೋಟೋ ಅವನದ್ದೇ. ಬೋರ್ಡು ತಲೆಕೆಳಗು, ಕೈಗಳು ರೆಕ್ಕೆಯಂತೆ, ಕಣ್ಣು ಕೆಳಗೆ. ಖುಷಿಯಿಂದ ಹೋಗಿ ತೋರಿಸಿದೆ.

"ಸೂಪರ್ ಅಣ್ಣ. ಆದ್ರೆ ಇದನ್ನ ಎಲ್ಲೂ ಹಾಕ್ಬೇಡಿ. ಲ್ಯಾಂಡ್ ಆಗ್ಲಿಲ್ಲ ಇದು."

"ಫೋಟೋದಲ್ಲಿ ಅದು ಯಾರಿಗೆ ಗೊತ್ತಾಗುತ್ತೆ?"

"ನಂಗ್ ಗೊತ್ತಲ್ಲ ಅಣ್ಣ."

ಆಮೇಲೆ ತಿಳಿಯಿತು, ಇದು ಅವನೊಬ್ಬನ ಹಟವಲ್ಲ. ಸರಿಯಾಗಿ ಇಳಿಯದ ಜಿಗಿತವನ್ನು ಸಾಧನೆ ಅಂತ ಅಚ್ಚು ಹಾಕಬಾರದು ಅನ್ನೋದು ಸ್ಕೇಟ್ ಫೋಟೋಗ್ರಫಿಯ ಹಳೆಯ ಅಲಿಖಿತ ನಿಯಮವಂತೆ. ಮೊದಲಿಗೆ ಇದು ಅತಿಯಾಯ್ತು ಅನ್ನಿಸಿತು. ಚಿತ್ರ ಚೆನ್ನಾಗಿದ್ದರೆ ಸಾಲದೇ? ಎಲೆ ಮೇಲಿನ ಹನಿ ಮರುಕ್ಷಣ ಜಾರಿ ಬಿದ್ದರೆ ನನ್ನ ಫೋಟೋ ಸುಳ್ಳಾಗುತ್ತದೆಯೇ?

ಇಲ್ಲ. ಆದರೆ ಹನಿ ಯಾವ ಪ್ರಯತ್ನವನ್ನೂ ಮಾಡಿರುವುದಿಲ್ಲ! ಆಕಾಶದಲ್ಲಿರುವ ಹುಡುಗನ ಫೋಟೋ ಮಾತ್ರ "ಇವನು ಮಾಡಿದ" ಅಂತ ಹೇಳುತ್ತೆ. ಸಾವಿರದ ಒಂದು ಭಾಗ ಸೆಕೆಂಡನ್ನು ಕತ್ತರಿಸಿಕೊಂಡು, ಆಮೇಲಿನದ್ದನ್ನು ನಾನು ಮುಚ್ಚಿಟ್ಟಿದ್ದೇನೆ. ನಮ್ಮ ಕಸುಬಿನಲ್ಲೂ ಹಾಗೇ ಅಲ್ವಾ, ಕೋಡ್ ಕಂಪೈಲ್ ಆದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತ ಮ್ಯಾನೇಜರಿಗೆ ಮೇಲ್ ಕಳಿಸಿದರೆ ಅದಕ್ಕೇನಂತಾರೆ?

ಹಾಗಂತ ಬಿದ್ದವರ ಫೋಟೋ ತೆಗೆಯಲೇಬಾರದು ಅಂತಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿತ್ತು. ಮಹಿಳೆಯರ ಪಾರ್ಕ್ ಫೈನಲಿನ ಕೊನೆಯ ಸುತ್ತಿನಲ್ಲಿ ಜಪಾನಿನ 15ರ ಹುಡುಗಿ ಮಿಸುಗು ಒಕಮೊಟೊ ಬಿದ್ದಳು, ನಾಲ್ಕನೆಯವಳಾದಳು. ಅಳುತ್ತಿದ್ದವಳನ್ನು ಎದುರಾಳಿ ಹುಡುಗಿಯರೇ ಹೆಗಲ ಮೇಲೆ ಹೊತ್ತರು. ಚಿನ್ನ ಗೆದ್ದವಳ ಜಿಗಿತಕ್ಕಿಂತ ನನಗೆ ನೆನಪಿರೋದು ಆ ಚಿತ್ರ. ಅದು ಬಿದ್ದದ್ದನ್ನು ಬಿದ್ದದ್ದು ಅಂತಲೇ ಹೇಳಿತು, ಅದಕ್ಕೇ.

ನಾನೋ, ಅವತ್ತು ಆ ಹುಡುಗ ಬಿದ್ದು, ಮೊಣಕೈ ಒರೆಸಿಕೊಂಡು ಮತ್ತೆ ಮೆಟ್ಟಿಲು ಹತ್ತುತ್ತಿದ್ದ ಫೋಟೋಗಳನ್ನೆಲ್ಲ "ವೇಸ್ಟು" ಅಂತ ಅಲ್ಲೇ ಅಳಿಸಿಬಿಟ್ಟಿದ್ದೆ. ಏಳು ಸಲ ಏನು ನಡೆಯಿತೋ ಅದು ಹೋಯಿತು, ನಡೆಯದೇ ಇದ್ದದ್ದು ಮಾತ್ರ ಉಳಿಯಿತು.

ಆ ಫೋಟೋ ಹಾರ್ಡ್‌ಡಿಸ್ಕಿನಲ್ಲೇ ಇರುತ್ತೆ, ಇಲ್ಲಿ ಹಾಕುತ್ತಿಲ್ಲ. ಬರುವ ಭಾನುವಾರ ಮತ್ತೆ ಹೋಗ್ತಿದ್ದೀನಿ, ಅವನು ಬರ್ತೀನಿ ಅಂದಿದ್ದಾನೆ. ಈ ಸಲ ಅವನು ನೆಲ ಮುಟ್ಟುವವರೆಗೂ ಕ್ಯಾಮೆರಾ ಕೆಳಗಿಳಿಸಲ್ಲ.

ಕ್ಯಾಮೆರಾ ಹಿಡಿಯೋ ಗೆಳೆಯರೇ, ನೀವಾಗಿದ್ದರೆ ಹಾಕುತ್ತಿದ್ದಿರಾ?