ಗಾಳಿ ನಿಲ್ಲುವವರೆಗೆ

‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆ ನಮ್ಮ ರೈತರ ಕಣದಲ್ಲಿ ಹುಟ್ಟಿದುದು. ಜೋಳದ ರಾಶಿ ಮಾಡುವವನು ಮೊರ ಹಿಡಿದು ಗಾಳಿ ಬೀಸಲೆಂದು ಕಾಯುತ್ತಾನೆ. ರಾಕೆಟ್ಟು ಹಾರಿಸುವವನು ಗಾಳಿ ನಿಲ್ಲಲೆಂದು ಕಾಯಬೇಕು. ಕಾಯುವುದರಲ್ಲಿ ರೈತನಿಗೆ ನಾಚಿಕೆಯಿಲ್ಲ. ಹವ್ಯಾಸಿ ರಾಕೆಟ್ಟುಗಾರನಿಗೆ ಅದೇಕೋ ಉಂಟು. ಅಪಾಯದ ಮೂಲ ಈ ನಾಚಿಕೆಯೇ ಎಂಬುದು ನನ್ನ ಅಭಿಪ್ರಾಯ.

ನಾನು ಹೇಳಹೊರಟಿರುವುದು ದೀಪಾವಳಿಯ ಬಾಣಗಳ ವಿಷಯವಲ್ಲ. ಕಾಲೇಜು ವಿದ್ಯಾರ್ಥಿಗಳು ತಜ್ಞರ ಮೇಲ್ವಿಚಾರಣೆಯಲ್ಲಿ, ಸರಕಾರದ ಅನುಮತಿ ಪಡೆದು ಹಾರಿಸುವ, ನೂರಾರು ಮೀಟರು ಮೇಲೇರಿ ಪ್ಯಾರಾಚೂಟಿನಿಂದ ಕೆಳಗಿಳಿಯುವ ರಾಕೆಟ್ಟುಗಳ ವಿಷಯ. (ಇದರ ಮದ್ದನ್ನು ಮನೆಯಲ್ಲಿ ಅರೆಯಲು ಯಾರೂ ಕೈಹಾಕಬಾರದು, ಅದರಿಂದ ಪ್ರಾಣಕ್ಕೂ ಕೇಡು, ಕಾನೂನಿಗೂ ವಿರೋಧ.) ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಮೈಸೂರು ದೊರೆಗಳ ಕಾಲದ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ರಾಕೆಟ್ಟುಗಳು ದೊರೆತವು. ಆ ಯುದ್ಧದ ರಾಕೆಟ್ಟುಗಳು ಶತ್ರುವಿನ ಪಾಳೆಯದಲ್ಲಿ ಎಲ್ಲಿ ಬಿದ್ದರೂ ಸಾಕಾಗಿತ್ತು. ಶಾಂತಿಕಾಲದ ರಾಕೆಟ್ಟಿಗೆ ಮಾತ್ರ ಎಲ್ಲಿ ಬೀಳುವುದೆಂಬುದೇ ಮೊದಲ ಪ್ರಶ್ನೆ.

ನೀವೇ ಲೆಕ್ಕ ಹಾಕಿ ನೋಡಿರಿ. ರಾಕೆಟ್ಟು 600 ಮೀಟರು ಎತ್ತರದಿಂದ ಸೆಕೆಂಡಿಗೆ 5 ಮೀಟರಿನಂತೆ ಇಳಿದರೆ ನೆಲ ಮುಟ್ಟಲು 120 ಸೆಕೆಂಡು ಬೇಕು. ಗಾಳಿಯ ವೇಗ ಸೆಕೆಂಡಿಗೆ 3 ಮೀಟರಾದರೆ ಅದು 360 ಮೀಟರು ದೂರ ತೇಲುತ್ತದೆ. 8 ಮೀಟರಾದರೆ 960 ಮೀಟರು! ಮೈದಾನದಲ್ಲಿ ಇಳಿಯಬೇಕಾದುದು ರಸ್ತೆಯ ಮೇಲೋ ಮನೆಗಳ ಮೇಲೋ ಇಳಿಯುತ್ತದೆ. ಏರುವಾಗಲೂ ಗಾಳಿ ಸುಮ್ಮನಿರುವುದಿಲ್ಲ. ಬಾಲದ ರೆಕ್ಕೆಗಳನ್ನು ಅದು ತಳ್ಳುವುದರಿಂದ ರಾಕೆಟ್ಟಿನ ಮೂತಿ ಗಾಳಿ ಬರುವ ದಿಕ್ಕಿಗೇ ವಾಲುತ್ತದೆ. ಆದುದರಿಂದಲೇ ಅಮೆರಿಕದ ರಾಕೆಟ್ಟು ಹವ್ಯಾಸಿಗಳ ಸಂಘವು ಗಾಳಿಯ ವೇಗ ಗಂಟೆಗೆ 20 ಮೈಲಿ, ಎಂದರೆ 32 ಕಿಲೋಮೀಟರು ಮೀರಿದಾಗ ಹಾರಿಸಕೂಡದೆಂದೂ, ಮೋಡದೊಳಕ್ಕೆ ಹಾರಿಸಕೂಡದೆಂದೂ ನಿಯಮ ಮಾಡಿದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಹವೆಯನ್ನು ಬಲ್ಲವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿದ್ದು, ಮಧ್ಯಾಹ್ನ ಕಳೆಯುತ್ತಲೇ ಮೋಡ ಕವಿದು, ಧೂಳೆದ್ದು, ಗುಡುಗು ಸಿಡಿಲುಗಳೊಡನೆ ಮಳೆ ಸುರಿಯುವುದುಂಟು. ಗುಡುಗು ಕೇಳಿಸಿತೆಂದರೆ ಕೆಲಸ ನಿಲ್ಲಿಸಿ ಮನೆಯೊಳಗೆ ಸೇರಬೇಕು; ಕೊನೆಯ ಗುಡುಗಿನ ನಂತರ ಅರ್ಧ ಗಂಟೆಯಾದರೂ ಹೊರಗೆ ಬರಬಾರದು. ಜೂನಿನಿಂದ ಪಡುವಣ ಗಾಳಿಯ ಆರ್ಭಟ. ನೆರೆಯ ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಹಾಗಾದರೆ ಚಳಿಗಾಲದ ಮುಂಜಾವು ಒಳ್ಳೆಯದಲ್ಲವೆ? ಒಳ್ಳೆಯದೇ. ಆದರೆ ಆಗ ನೆಲದ ಕಡೆ ನೋಡಬೇಕು. ಎರೆಹೊಲದಲ್ಲಿ ಜೋಳ, ಕಡಲೆ, ಕುಸುಬಿ ಒಣಗುತ್ತ ನಿಂತಿರುತ್ತವೆ. ಒಂದು ಕಿಡಿ ಸಾಕು, ಒಂದು ಕುಟುಂಬದ ವರ್ಷದ ದುಡಿಮೆ ಬೂದಿಯಾಗುತ್ತದೆ. ಗಾಳಿಯಿಲ್ಲದ ದಿನ ಸಿಕ್ಕಿತೆಂದು ಹಿಗ್ಗುವ ಮೊದಲು ಸುತ್ತಲಿನ ಒಣಹುಲ್ಲನ್ನು ಕಿತ್ತು, ನೀರು ಮರಳುಗಳನ್ನು ಸಿದ್ಧವಾಗಿಟ್ಟಿರಬೇಕು.

ಇಷ್ಟನ್ನೆಲ್ಲ ತಿಳಿದವರೂ ಕೆಟ್ಟ ಹವೆಯಲ್ಲಿ ಹಾರಿಸಲು ಮುಂದಾಗುವುದೇಕೆ? ನನಗೆ ತೋರುವಂತೆ, ಅಪರಾಧಿ ಆಮಂತ್ರಣ ಪತ್ರಿಕೆ! ದಿನ, ಗಳಿಗೆ ಅಚ್ಚಾಗಿರುತ್ತದೆ. ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆ. ಆಗ ‘ಇಂದು ಬೇಡ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಕಾಣುವ ದೌರ್ಬಲ್ಯವಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರುವ ಹಿಂದಿನ ರಾತ್ರಿ, ಚಳಿಯಲ್ಲಿ ರಬ್ಬರಿನ ಉಂಗುರಗಳು ಬಿರುಸಾಗುವುವೆಂದು ಇಂಜಿನಿಯರುಗಳು ಎಚ್ಚರಿಸಿದ್ದರು. ಮೇಲಿನವರು ಕೇಳಲಿಲ್ಲ. 73 ಸೆಕೆಂಡುಗಳಲ್ಲಿ ನೌಕೆ ಒಡೆದು ಏಳು ಮಂದಿ ಮಡಿದರು; ಅವರಲ್ಲೊಬ್ಬರು ಶಾಲೆಯ ಶಿಕ್ಷಕಿ. ನಮ್ಮ ಶ್ರೀಹರಿಕೋಟೆಯಲ್ಲಿ 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ಟು ಬೆಳಿಗ್ಗೆ 8ಕ್ಕೆ ಹಾರಬೇಕಾಗಿತ್ತು. ಹವೆ ಸರಿಯಿಲ್ಲವೆಂದು ವಿಜ್ಞಾನಿಗಳು 8.45ಕ್ಕೆ ಮುಂದೂಡಿದರು. ಐದೇ ಸೆಕೆಂಡು ಉಳಿದಿರುವಾಗ ಗಣಕಯಂತ್ರ ತಡೆಹಾಕಿತು. ದೇಶವೆಲ್ಲ ನೋಡುತ್ತಿದ್ದಾಗಲೂ ಅವರು ಅವಸರಪಡಲಿಲ್ಲ. ದೋಷವನ್ನು ಹುಡುಕಿ ಸರಿಪಡಿಸಿ 10 ಗಂಟೆಗೆ ಹಾರಿಸಿದರು.

ಆದುದರಿಂದ ನಮ್ಮ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಒಂದು ದಿನದ ಬದಲು ಮೂರು ದಿನಗಳನ್ನು ಗೊತ್ತುಮಾಡಲಿ. ಗಾಳಿ ಎಷ್ಟಿದ್ದರೆ, ಮೋಡ ಎಷ್ಟು ಕೆಳಗಿದ್ದರೆ ನಿಲ್ಲಿಸಬೇಕೆಂಬುದನ್ನು ಹಿಂದಿನ ದಿನವೇ ಬರೆದಿಡಲಿ. ಜನ ನೆರೆದ ಮೇಲೆ ಬರೆದರೆ ಅಂಕಿಗಳು ಹಿಗ್ಗುತ್ತವೆ. ಗಾಳಿಯನ್ನು ಅಳೆಯುವ ಒಬ್ಬ ವಿದ್ಯಾರ್ಥಿಗೆ ‘ನಿಲ್ಲಿಸಿ’ ಎನ್ನುವ ಅಧಿಕಾರ ಕೊಡಲಿ. ಅವನ ಮಾತನ್ನು ಪ್ರಾಚಾರ್ಯರೂ ಮೀರಬಾರದು. ಮುಖ್ಯ ಅತಿಥಿಗಳಿಗೆ ಚಹಾ, ಅವಲಕ್ಕಿ ಕೊಟ್ಟು, ಗಾಳಿಯ ಲೆಕ್ಕ ಬರೆದ ಪುಸ್ತಕವನ್ನು ತೋರಿಸಿ, ಮುಂದಿನ ಭಾನುವಾರ ಬರಹೇಳಿದರಾಯಿತು.