ಗೃಹಯಂತ್ರ ವಿಚಾರ: ಹಾರ್ಡ್ ಡಿಸ್ಕಿನ ರೋಗನಿದಾನ

ಈ ಪುಟಕ್ಕೆಂದು ತಿಂಗಳು ತಿಂಗಳೂ ನಮಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮಿಕ್ಸರು, ನೀರೆತ್ತುವ ಪಂಪು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳ ವಿಷಯವಾಗಿಯೇ ಇರುವುವು. ಅವು ಕೆಟ್ಟರೆ ದುಡ್ಡು ಹೋಗುವುದು, ಅಷ್ಟೆ. ಈ ಸಾರಿ ಧಾರವಾಡದ ಕಡೆಯ ಸೋದರಿಯೊಬ್ಬರು ಬರೆದಿರುವ ಕಾಗದವು ಬೇರೆ ಬಗೆಯದು. ಅವರ ಮನೆಯ ಕಂಪ್ಯೂಟರು ಎಂಟು ವರ್ಷ ಹಳೆಯದಂತೆ. ಹದಿನೈದು ದಿನಗಳಿಂದ ಅದು ಎಚ್ಚರಗೊಳ್ಳುವುದಕ್ಕೇ ಹತ್ತು ನಿಮಿಷ ಬೇಕಾಗುತ್ತಲಿದೆ. ಯಾವುದಾದರೊಂದು ಫೋಟೋವನ್ನು ತೆರೆಯಹೋದರೆ ಪರದೆಯು ಸ್ತಬ್ಧವಾಗಿ ನಿಂತುಬಿಡುತ್ತದೆ. ಒಳಗಿನಿಂದ ಗೋಡೆಗಡಿಯಾರದ ಹಾಗೆ ಟಕ್ ಟಕ್ ಎಂಬ ಸದ್ದು ಆಗಾಗ ಕೇಳಿಬರುತ್ತದೆ. ಅಂಗಡಿಯವರೊಬ್ಬರು, “ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದರೆ ಸರಿಹೋಗುತ್ತದೆ” ಎಂದು ಹೇಳಿದ್ದಾರೆ. ಅಣ್ಣನ ಮಗನಾದರೋ ರಾತ್ರಿಯೆಲ್ಲ ಅದನ್ನು ಓಡಿಸಿ ರಿಪೇರಿ ಮಾಡುವೆನೆಂದು ತುದಿಗಾಲಿನಲ್ಲಿ ನಿಂತಿದ್ದಾನೆ. ಆ ಸೋದರಿಯವರ ತಾಯಿಯವರು ಹಾಡಿದ ಬೀಸುವ ಪದಗಳು, ಸೋಬಾನದ ಪದಗಳು ಸುಮಾರು ನಲವತ್ತು ಅದರಲ್ಲಿವೆ. ತಾಯಿಯವರು ಈಗ ಇಲ್ಲ. ಹಾಡುಗಳಿಗೆ ಇನ್ನೊಂದು ಪ್ರತಿಯೂ ಇಲ್ಲ.

ಕಾಗದವನ್ನು ಓದಿದ ಕೂಡಲೆ ನಾವು ಫೋನಿನಲ್ಲಿ ತಿಳಿಸಿದುದು ಇಷ್ಟೇ: ಕಂಪ್ಯೂಟರನ್ನು ಆರಿಸಿ, ತಂತಿಯನ್ನು ಕಿತ್ತು, ಹಾಗೆಯೇ ಇಟ್ಟುಬಿಡಿ, ಅಂಗಡಿಯವರೂ ಅಣ್ಣನ ಮಗನೂ ಸದ್ಯಕ್ಕೆ ಅದನ್ನು ಮುಟ್ಟದಿರಲಿ. ಹೀಗೆ ಹೇಳಿದುದೇಕೆಂಬುದು ಇಂಥ ಯಂತ್ರವುಳ್ಳ ಎಲ್ಲ ಮನೆಗಳವರಿಗೂ ತಿಳಿದಿರತಕ್ಕ ವಿಷಯವಾದುದರಿಂದ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇವೆ.

ಕಂಪ್ಯೂಟರಿನ ಬಹುಭಾಗವು ಚಲನೆಯಿಲ್ಲದ್ದು. ಹಾರ್ಡ್ ಡಿಸ್ಕು ಮಾತ್ರ ತಿರುಗುವ ಯಂತ್ರ, ಆದುದರಿಂದ ಸವೆಯುವ ಯಂತ್ರ. ಹಿಂದಿನವರ ಮನೆಗಳಲ್ಲಿದ್ದ ಗ್ರಾಮಫೋನನ್ನು ನೆನೆದುಕೊಂಡರೆ ಇದರ ಸ್ವರೂಪವು ಅರ್ಧ ತಿಳಿದಂತಾಯಿತು. ನುಣುಪಾದ ತಟ್ಟೆಗಳು ಒಂದರ ಮೇಲೊಂದರಂತೆ ಒಂದೇ ಅಚ್ಚಿನಲ್ಲಿ ಸುತ್ತುತ್ತಿರುವುವು. ಮುಳ್ಳಿನ ಬದಲಿಗೆ ಸಣ್ಣದೊಂದು ಓದುವ ತಲೆಯು ಕೈಯೊಂದರ ತುದಿಯಲ್ಲಿದ್ದುಕೊಂಡು ಅತ್ತಿತ್ತ ಚಲಿಸುವುದು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡಬೇಕು. ಇಲ್ಲಿ ಮುಟ್ಟಿದರೆ ಅನರ್ಥ. ತಲೆಯು ತಟ್ಟೆಯ ಮೇಲಿನ ಗಾಳಿಯ ಪದರದಲ್ಲಿ ತೇಲುತ್ತಿರುತ್ತದೆ. ಎರಡರ ನಡುವಣ ಅಂತರವು ಕೆಲವೇ ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅವುಗಳಲ್ಲಿ ಕೆಲವನ್ನು ತೆಗೆದುಕೊಂಡಷ್ಟು. ಕೂದಲೆಳೆಯು ಇದರ ಸಾವಿರಾರು ಪಟ್ಟು ದಪ್ಪ. ಮೇಜಿನ ಮೇಲಣ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿರುವ ಡಿಸ್ಕು ನಿಮಿಷಕ್ಕೆ ೭,೨೦೦ ಸುತ್ತು ಸುತ್ತುವುದು. ತಟ್ಟೆಯ ಹೊರಯಂಚಿನ ವೇಗವು ಗಂಟೆಗೆ ನೂರಿಪ್ಪತ್ತು ಕಿಲೋಮೀಟರನ್ನು ಮೀರುತ್ತದೆ. ಅಂಥ ವೇಗದಲ್ಲಿ ಅಷ್ಟು ಸಮೀಪದಲ್ಲಿ ಓಡುವ ವಸ್ತುವು ವರ್ಷಗಟ್ಟಲೆ ಕೆಡದೆ ನಡೆಯುವುದೇ ಆಶ್ಚರ್ಯವೆಂದು ನಮಗೆ ತೋರುತ್ತದೆ. ೧೯೫೬ರಲ್ಲಿ ಐ.ಬಿ.ಎಂ. ಕಂಪೆನಿಯವರು ಹೊರತಂದ ಮೊಟ್ಟಮೊದಲಿನ ಡಿಸ್ಕಿನಲ್ಲಿ ಇಪ್ಪತ್ತನಾಲ್ಕು ಅಂಗುಲ ಅಗಲದ ಐವತ್ತು ತಟ್ಟೆಗಳಿದ್ದುವು; ಅಷ್ಟು ದೊಡ್ಡ ಯಂತ್ರವು ಹಿಡಿಯುತ್ತಿದ್ದುದು ಕೇವಲ ಐವತ್ತು ಲಕ್ಷ ಅಕ್ಷರಗಳನ್ನು. ಇಂದಿನ ಫೋನಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋದೀತು.

ಇನ್ನು ಸದ್ದಿನ ವಿಚಾರ. ತಟ್ಟೆಯ ಮೇಲೆ ನಮ್ಮ ಬರೆಹದ ಜೊತೆಗೆ, ತಲೆಗೆ ದಾರಿ ತೋರಿಸುವ ಗುರುತುಗಳೂ ಇರುವುವು. ತಲೆಯು ದುರ್ಬಲವಾಗಿಯೋ ಗುರುತುಗಳು ಅಳಿಸಿಯೋ ದಾರಿ ತಪ್ಪಿದರೆ, ಕೈಯು ಮೊದಲಿನ ಸ್ಥಾನಕ್ಕೆ ಹಿಂದಿರುಗಿ ಪುನಃ ಹುಡುಕಲು ಹೊರಡುತ್ತದೆ. ಪುನಃ ತಪ್ಪುತ್ತದೆ, ಪುನಃ ಹಿಂದಿರುಗುತ್ತದೆ. ಟಕ್ ಟಕ್ ಎಂಬುದು ಈ ಅಲೆದಾಟದ ಸದ್ದು. ಕರ್ರೆಂದು ಕೆರೆಯುವಂಥ ಸದ್ದಾದರೆ ತಲೆಯು ತಟ್ಟೆಯನ್ನೇ ಉಜ್ಜುತ್ತಿರಬಹುದು. ಒಂದೊಂದು ಸುತ್ತಿಗೂ ಬರೆಹವು ಪುಡಿಯಾಗಿ ಹೋಗುತ್ತಿರುತ್ತದೆ. ಸಣ್ಣಗೆ ಕುಂಯ್ಗುಟ್ಟಿ ಸುಮ್ಮನಾದರೆ ಅಚ್ಚೇ ತಿರುಗಲಾರದೆ ಸಿಕ್ಕಿಕೊಂಡಿದೆಯೆಂದು ತಿಳಿಯಬಹುದು. ಕೆಲಸ ಮಾಡುವಾಗ ಕೇಳಿಸುವ ಮೆಲುವಾದ ಗುರುಗುರು ಶಬ್ದಕ್ಕೆ ಮಾತ್ರ ಯಾರೂ ಹೆದರಬೇಕಾಗಿಲ್ಲ. ಅದು ಆರೋಗ್ಯವಂತ ಡಿಸ್ಕಿಗೂ ಸಹಜವಾದದ್ದು.

ಸದ್ದಿಲ್ಲದೆ ಕೆಡುವ ರೀತಿಯೂ ಉಂಟು, ಮತ್ತು ಅದೇ ಹೆಚ್ಚು. ತಟ್ಟೆಯನ್ನು ಸೆಕ್ಟರುಗಳೆಂಬ ಸಣ್ಣ ಸಣ್ಣ ಮನೆಗಳಾಗಿ ಹಂಚಿರುತ್ತದೆ. ಯಾವುದಾದರೊಂದು ಮನೆಯನ್ನು ಓದಲಾಗದಿದ್ದರೆ ಡಿಸ್ಕು ಛಲಬಿಡದೆ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುವುದು. ಅಷ್ಟು ಹೊತ್ತೂ ಪರದೆಯು ಸ್ತಬ್ಧ. ಫೈಲೊಂದನ್ನು ತೆರೆಯುವಾಗ ಮಾತ್ರ ಯಂತ್ರವು ನಿಂತು, ಮತ್ತೊಂದನ್ನು ತೆರೆದರೆ ಸರಾಗವಾಗಿ ನಡೆಯುವುದಾದರೆ ಇದನ್ನೇ ಶಂಕಿಸಬೇಕು. ನಿನ್ನೆ ತೆರೆದ ಫೋಟೋ ಇಂದು ಅರ್ಧ ಬೂದಿಬಣ್ಣವಾಗಿ ಕಂಡರೆ ಶಂಕೆಯು ಬಲವಾಗುವುದು.

ಹಾಗೆಂದು ನಿಧಾನವಾದ ಕಂಪ್ಯೂಟರುಗಳೆಲ್ಲದರ ಪಾಪವನ್ನೂ ಡಿಸ್ಕಿನ ತಲೆಗೆ ಕಟ್ಟುವುದು ಸರಿಯಲ್ಲ. ಡಿಸ್ಕಿನಲ್ಲಿ ಜಾಗವೇ ಉಳಿಯದಿದ್ದರೂ, ರ್‍ಯಾಮು ಸಾಲದಿದ್ದರೂ, ವಿಂಡೋಸು ತನ್ನ ಹೊಸ ಅಪ್‌ಡೇಟುಗಳನ್ನು ಹಾಕಿಕೊಳ್ಳುತ್ತಿದ್ದರೂ ಯಂತ್ರವು ತೆವಳುವುದುಂಟು. ಆದರೆ ಆಗ ಅದು ಎಲ್ಲ ಕೆಲಸದಲ್ಲಿಯೂ ಸಮನಾಗಿ ತೆವಳುವುದು. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಣ ಕೇಬಲ್ಲು ಸಡಿಲವಾದರೆ ಡಿಸ್ಕು ಒಮ್ಮೆ ಕಂಡು ಒಮ್ಮೆ ಮಾಯವಾದೀತು. ವಿದ್ಯುತ್ತನ್ನು ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯು ಬಲಗುಂದಿದರೂ ಡಿಸ್ಕು ಸುತ್ತಲಾರಂಭಿಸಿ ನಿಂತು, ಪುನಃ ಆರಂಭಿಸಿ, ಥೇಟ್ ಕೆಟ್ಟ ಡಿಸ್ಕಿನಂತೆಯೇ ವರ್ತಿಸುವುದು. ಇವೆರಡನ್ನೂ ಬದಲಾಯಿಸುವ ಖರ್ಚು ಸ್ವಲ್ಪವೆ.

ಡಿಸ್ಕು ತನ್ನ ದೇಹಸ್ಥಿತಿಯ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುವುದೆಂಬ ಸಂಗತಿಯು ಅನೇಕರಿಗೆ ತಿಳಿದಿಲ್ಲ. ಈ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ, ಕಾಸಿಲ್ಲದೆ ದೊರೆಯುವ ತಂತ್ರಾಂಶದಿಂದ ಅದನ್ನು ವಿಂಡೋಸಿನಲ್ಲಿ ನೋಡಬಹುದು. ಹತ್ತಾರು ಸಾಲುಗಳಿರುವುವು, ಗೃಹಸ್ಥರಿಗೆ ನಾಲ್ಕು ಸಾಕು. ೦೫ ಎಂಬ ಸಾಲು, ಕೆಟ್ಟುದರಿಂದ ಬಿಟ್ಟುಬಿಟ್ಟು ಮೀಸಲಿನ ಮನೆಗಳನ್ನು ಬಳಸಿಕೊಂಡ ಸೆಕ್ಟರುಗಳ ಸಂಖ್ಯೆ. ಸಿ೫ ಎಂಬುದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವುಗಳ ಸಂಖ್ಯೆ. ಸಿ೬ ಎಂಬುದು, ಡಿಸ್ಕು ತನ್ನನ್ನು ತಾನೇ ಪರೀಕ್ಷಿಸಿಕೊಂಡಾಗ ಸರಿಪಡಿಸಲಾಗದೆ ಉಳಿದವುಗಳ ಸಂಖ್ಯೆ. ಈ ಮೂರೂ ಸೊನ್ನೆಯಾಗಿರುವುದು ಲೇಸು. ಸಿ೭ ಎಂಬುದೊಂದೇ ಏರುತ್ತಿದ್ದು ಉಳಿದವು ಸೊನ್ನೆಯಾಗಿದ್ದರೆ ಬಹುಶಃ ದೋಷವು ಕೇಬಲ್ಲಿನದು. ಹೊಸ ಕೇಬಲ್ಲು ಹಾಕಿದ ಮೇಲೆ ಏರಿಕೆಯು ನಿಲ್ಲುವುದೋ ನೋಡಬೇಕು. ಒಂದು ಎಚ್ಚರಿಕೆ: ಈ ತಂತ್ರಾಂಶವು ಮೂಲಸಂಖ್ಯೆಗಳನ್ನು ತಾನಾಗಿ ತೋರಿಸುವುದು ಹದಿನಾರರ ಎಣಿಕೆಯಲ್ಲಿ. ಅಲ್ಲಿ ‘೧೦’ ಎಂದಿದ್ದರೆ ಅದು ಹತ್ತಲ್ಲ, ಹದಿನಾರು.

ಸಂಖ್ಯೆಗಿಂತಲೂ ಅದರ ಏರಿಕೆಯು ಮುಖ್ಯ. ಮೂರು ವರ್ಷಗಳಿಂದ ನಾಲ್ಕರಲ್ಲಿಯೇ ನಿಂತ ಡಿಸ್ಕು ಇನ್ನೂ ಬಹುಕಾಲ ಬಾಳಬಹುದು. ಈ ವಾರ ನಾಲ್ಕಿದ್ದು ಮುಂದಿನ ವಾರ ನಲವತ್ತಾದುದನ್ನು ನಂಬಲಾಗದು. ಆದರೆ ಲೆಕ್ಕವು ಸ್ವಚ್ಛವಾಗಿದೆಯೆಂದು ನಿಶ್ಚಿಂತೆಯಿಂದಿರುವುದೂ ತಪ್ಪೆ. ಗೂಗಲ್ ಸಂಸ್ಥೆಯವರು ತಮ್ಮಲ್ಲಿಯ ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಮಾತುಗಳಿವೆ. ತಟ್ಟೆಯನ್ನು ಶೋಧಿಸುವಾಗ ಮೊದಲನೆಯ ದೋಷವು ಕಂಡುಬಂದ ಡಿಸ್ಕು ಮುಂದಿನ ಅರುವತ್ತು ದಿನಗಳೊಳಗಾಗಿ ಕೆಡುವ ಸಂಭವವು, ಅಂಥ ದೋಷವಿಲ್ಲದುದಕ್ಕಿಂತ ೩೯ ಪಟ್ಟು ಹೆಚ್ಚು. ಆದರೂ ಕೆಟ್ಟ ಡಿಸ್ಕುಗಳಲ್ಲಿ ನೂರಕ್ಕೆ ೫೬ಕ್ಕಿಂತ ಹೆಚ್ಚಿನವು ಅತಿಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಯಾವುದೊಂದನ್ನೂ ಮುಂಚಿತವಾಗಿ ತೋರಿಸಿರಲಿಲ್ಲ. ಲೆಕ್ಕವು ಕೆಟ್ಟದ್ದೆಂದರೆ ನಂಬಿರಿ; ಒಳ್ಳೆಯದೆಂದರೆ ಪೂರ್ತಿ ನಂಬಬೇಡಿ.

ಈಗ ಅಣ್ಣನ ಮಗನ ವಿಷಯಕ್ಕೆ ಬರೋಣ. ಹುಡುಗನ ಉತ್ಸಾಹವನ್ನು ನಾವು ಮೆಚ್ಚುತ್ತೇವೆ; ಅವನ ಕ್ರಮವನ್ನು ಮೆಚ್ಚಲಾರೆವು. ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವ ದೀರ್ಘಪರೀಕ್ಷೆಯು ಜ್ವರದಲ್ಲಿ ಮಲಗಿದವನನ್ನು ಎಬ್ಬಿಸಿ ಬೆಟ್ಟ ಹತ್ತಿಸಿ ನಾಡಿ ನೋಡಿದಂತೆ. ಉಸಿರಿರುವ ಡಿಸ್ಕಿಗೆ ಇನ್ನು ಹತ್ತು ಗಂಟೆಗಳ ಆಯುಷ್ಯವಿದ್ದರೆ, ಆ ಹತ್ತು ಗಂಟೆಗಳನ್ನು ಪ್ರತಿ ತೆಗೆಯುವುದಕ್ಕಾಗಿ ಉಪಯೋಗಿಸಬೇಕೇ ಹೊರತು ರೋಗದ ಹೆಸರನ್ನು ಕಂಡುಹಿಡಿಯುವುದಕ್ಕಲ್ಲ. ವಿಂಡೋಸಿನ ಚೆಕ್‌ಡಿಸ್ಕು ಇನ್ನೂ ಅಪಾಯಕರ. ಅದು ಡಿಸ್ಕಿನ ದೇಹವು ನೆಟ್ಟಗಿದೆಯೆಂಬ ಭಾವನೆಯಿಂದ ಕಡತಗಳ ಪಟ್ಟಿಯನ್ನು ತಿದ್ದಹೊರಡುವುದು. ಓದಲು ಸಿಕ್ಕದ ಭಾಗವನ್ನು ಪಟ್ಟಿಯಿಂದ ಕತ್ತರಿಸಿಹಾಕಿ, ಅದರ ಮೇಲೆಯೇ ಬರೆದೂಬಿಡುವುದು. ಮೊದಲು ಪ್ರತಿ, ಆಮೇಲೆ ಪರೀಕ್ಷೆ, ಕಡೆಗೆ ಬೇಕೆನಿಸಿದರೆ ರಿಪೇರಿ. ಅಂಗಡಿಯವರ ಫಾರ್ಮ್ಯಾಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ವಿಂಡೋಸನ್ನು ಹೊಸದಾಗಿ ಹಾಕುವಾಗ ಅದು ಕುಳಿತುಕೊಳ್ಳುವ ಜಾಗದಲ್ಲಿ ತಾಯಿಯವರ ಹಾಡೊಂದಿದ್ದರೆ ಅದು ಅಲ್ಲಿಗೆ ಮುಗಿಯಿತು.

ಸದ್ದಿಲ್ಲದೆ ಬರಿಯ ತಡೆಗಳು ಮಾತ್ರ ಕಂಡುಬಂದಾಗ ಪ್ರತಿಯನ್ನು ಮನೆಯಲ್ಲಿಯೇ ತೆಗೆದುಕೊಳ್ಳಬಹುದು. ಬೇರೊಂದು ಡಿಸ್ಕನ್ನು ಜೋಡಿಸಿಕೊಂಡು, ಮತ್ತೆಲ್ಲಿಯೂ ಸಿಕ್ಕಲಾರದವನ್ನೇ ಮೊದಲು ಎತ್ತಬೇಕು: ಮನೆಯವರ ಚಿತ್ರಗಳು, ಧ್ವನಿಗಳು, ಹಿರಿಯರ ಬರೆಹಗಳು, ಜಮೀನಿನ ಕಾಗದಗಳ ನಕಲುಗಳು. ಸಿನಿಮಾಗಳಿಗೆ ಕಡೆಯ ಸರದಿ. ಒಂದು ಫೈಲಿನಲ್ಲಿ ಯಂತ್ರವು ಸಿಕ್ಕಿಕೊಂಡರೆ ಅದರೊಡನೆ ಹೋರಾಡದೆ ಬಿಟ್ಟು ಮುಂದಕ್ಕೆ ಸಾಗಬೇಕು. ತಡೆಗಳು ಬಹಳವಾಗಿದ್ದರೆ, ತಿಳಿದವರೊಬ್ಬರ ಸಹಾಯದಿಂದ ಪೆನ್ ಡ್ರೈವಿನಲ್ಲಿ ಲಿನಕ್ಸನ್ನು ತಂದು ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ನಡೆಯಿಸುವುದು ಉತ್ತಮ. ಅದರ ಜಾಣತನವು ನಮಗೆ ಬಹಳ ಹಿಡಿಸಿದೆ. ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಸ್ಥಳಗಳನ್ನು ಗುರುತು ಹಾಕಿಟ್ಟು, ಕೊನೆಗೆ ಅವುಗಳ ಬಳಿಗೆ ಮರಳುವುದು. ನಡುವೆ ಕರೆಂಟು ಹೋದರೂ ಗುರುತುಗಳ ಕಡತವೊಂದಿದ್ದರೆ ನಿಂತಲ್ಲಿಂದಲೇ ಮುಂದುವರಿಯಬಲ್ಲುದು. ಕರೆಂಟಿನ ಮಾತು ಬಂದುದರಿಂದ ಹೇಳುತ್ತೇವೆ: ಈ ಕೆಲಸಕ್ಕೆ ಕೈಹಾಕುವ ಮುಂಚೆ ಯು.ಪಿ.ಎಸ್. ಇದೆಯೇ ಎಂಬುದನ್ನು ನೋಡಿಕೊಳ್ಳಿರಿ.

ಟಕ್ ಟಕ್ ಸದ್ದು ಬಂದಮೇಲೆ ನಮ್ಮ ಅಭಿಪ್ರಾಯವು ಬೇರೆ. ಒಳಗಿರುವುದು ಎಲ್ಲಿಯಾದರೂ ಮತ್ತೆ ಸಿಕ್ಕತಕ್ಕದ್ದಾದರೆ ಮನೆಯಲ್ಲಿಯೇ ಒಂದು ಕೈ ನೋಡಬಹುದು. ನಲವತ್ತು ಹಾಡುಗಳಂಥದಿದ್ದರೆ ಮತ್ತೊಮ್ಮೆ ಗುಂಡಿಯನ್ನೊತ್ತದೆ, ನಷ್ಟವಾದ ಮಾಹಿತಿಯನ್ನು ಹೊರತೆಗೆಯುವುದನ್ನೇ ಕಸುಬಾಗಿ ಮಾಡಿಕೊಂಡವರಲ್ಲಿಗೆ ಒಯ್ಯುವುದೇ ಸರಿ. ಅವರು ಧೂಳನ್ನು ಸೋಸಿ ತೆಗೆದ ಕೋಣೆಯಲ್ಲಿ ಡಿಸ್ಕನ್ನು ಬಿಚ್ಚಿ ತಲೆಯನ್ನು ಬದಲಾಯಿಸುತ್ತಾರೆ. ಖರ್ಚು ಹೊಸ ಡಿಸ್ಕಿನ ಬೆಲೆಯ ಅನೇಕ ಪಟ್ಟು ಆಗುವುದುಂಟು, ಫಲವೂ ನಿಶ್ಚಯವಲ್ಲ. ಆದುದರಿಂದ ಪರೀಕ್ಷೆಯ ಶುಲ್ಕವೆಷ್ಟು, ಏನೂ ಸಿಕ್ಕದಿದ್ದರೆ ಕೊಡಬೇಕಾದುದೆಷ್ಟು ಎಂಬುದನ್ನು ಮೊದಲೇ ಬರೆಹದಲ್ಲಿ ಪಡೆಯಬೇಕು. ಆ ಸೋದರಿಯವರಿಗೆ ನಾವು ಇದನ್ನೇ ಸೂಚಿಸಿದೆವು. ಬಂಗಾರದ ಎರಡು ಬಳೆಗಳಷ್ಟಾದರೂ ಸರಿ, ಅವ್ವನ ದನಿಯು ಬೇಕೆಂಬುದು ಅವರ ಉತ್ತರ. ಅದನ್ನು ಅತಿಯೆಂದು ಹೇಳುವ ಧೈರ್ಯ ನಮಗಿಲ್ಲ.

ಮನೆಯಲ್ಲಿ ಮುಚ್ಚಳ ಬಿಚ್ಚಿ ನೋಡುವುದು ಸರ್ವಥಾ ಕೂಡದು. ಮೇಲೆ ಹೇಳಿದ ಅಂತರದಲ್ಲಿ ಒಂದು ಧೂಳಿನ ಕಣವೂ ಬಂಡೆಗಲ್ಲೇ ಸರಿ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಗುಣವಾಗುವುದೆಂಬ ಮಾತೊಂದು ಹಬ್ಬಿದೆ. ತಣ್ಣಗಾದ ತಟ್ಟೆಯ ಮೇಲೆ ಹನಿಗಟ್ಟಿದ ತೇವವು ತಲೆಗೆ ಸಿಕ್ಕಿದರೆ ಉಳಿದ ಆಸೆಯೂ ಹೋದೀತು. ತಟ್ಟಿ ನೋಡುವ, ಕುಲುಕಿ ನೋಡುವ ಅಭ್ಯಾಸವು ತೆಂಗಿನಕಾಯಿಗೆ ಮೀಸಲಾಗಿರಲಿ.

ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನವರಿಗೂ ಒಂದು ಮಾತು. ಮುಖ್ಯವಾದುದಕ್ಕೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಮನೆಯಿಂದ ಹೊರಗೆ ಎಂಬ ಕ್ರಮವನ್ನು ತಿಳಿದವರು ಹೇಳುತ್ತಾರೆ. ಬೇರೆ ಊರಿನ ತಂಗಿಯ ಮನೆಯಲ್ಲಿ ಒಂದು ಡಿಸ್ಕನ್ನು ಇಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಅದಕ್ಕೆ ಹೊಸದನ್ನು ಸೇರಿಸುತ್ತ ಬಂದರೂ ಸಾಕು. ಒಂದೇ ಡಿಸ್ಕಿನಲ್ಲಿ ಎರಡು ಕಡೆ ಇಟ್ಟುದನ್ನು ಎರಡು ಪ್ರತಿಗಳೆಂದು ಎಣಿಸತಕ್ಕದ್ದಲ್ಲ. ವಾರಂಟಿಯನ್ನು ನಂಬಿ ಕುಳಿತವರೂ ಉಂಟು. ವಾರಂಟಿಯಿಂದ ಹೊಸ ಡಿಸ್ಕು ಬರುವುದು ನಿಜ. ಅದು ಬರಿದಾದ ಡಿಸ್ಕು.

ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಎಂಬುದು ಈಚಿನ ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದಿದೆ. ಅದಕ್ಕೆ ಸದ್ದೂ ಇಲ್ಲ, ತಲೆಯೂ ಇಲ್ಲ. ಕೆಡುವಾಗ ಹೆಚ್ಚಾಗಿ ಎಚ್ಚರಿಕೆಯೂ ಇಲ್ಲ. ಅದರ ಲಕ್ಷಣಗಳು ಬೇರೆಯಾದುದರಿಂದ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ತಮ್ಮಲ್ಲಿರುವುದು ಯಾವ ಬಗೆಯದೆಂದು ತಿಳಿಯದವರು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಎಂಬುದನ್ನು ಒತ್ತಿದರೆ ಡಿಸ್ಕಿನ ಹೆಸರಿನ ಕೆಳಗೆ ಅದನ್ನು ಸಾಮಾನ್ಯವಾಗಿ ಕಾಣುವರು.